ಶೇಕಡಾ ಬೇಡ, ಮಿಲಿಮೀಟರ್ ಹೇಳಿ

ಡಿಕ್ಕಿಯ ಮುಚ್ಚಳದ ಮೇಲೆ ‘ಕೊಂಪ್ರೆಸರ್’ ಎಂದು ಬರೆದ ಮರ್ಸಿಡಿಸ್ ಸಿ-ಕ್ಲಾಸ್ ಕಾರುಗಳು ಪುಣೆಗೆ ಹೊರಗಿನವಲ್ಲ. ಮರ್ಸಿಡಿಸ್ ಬೆಂಝ್ ಇಂಡಿಯಾ 1994ರಲ್ಲಿ ಶುರುವಾದಾಗ ಪಿಂಪ್ರಿ ಕಡೆಯ ಟೆಲ್ಕೊ ಆವರಣದಲ್ಲೇ ಕಾರು ಜೋಡಿಸುತ್ತಿತ್ತು. 2009ರಲ್ಲಿ ಚಾಕಣದ ತನ್ನದೇ ಕಾರ್ಖಾನೆಗೆ ಹೋಯಿತು. ಈ ಎರಡು ಜಾಗಗಳ ನಡುವಿನ ವರ್ಷಗಳಲ್ಲಿ ಸಿ-200 ಕೊಂಪ್ರೆಸರ್ ಇಲ್ಲಿಂದಲೇ ಹೊರಬಿತ್ತು. ಆಮೇಲೆ ಟರ್ಬೊ ಬಂದು ಆ ಹೆಸರೇ ಅಳಿಸಿಹೋಯಿತು. ಅಂದು ಉದ್ಯಮಿಗಳ ಮನೆಮುಂದೆ ನಿಲ್ಲುತ್ತಿದ್ದ ಕಾರು ಇಂದು ಸೆಕೆಂಡ್ ಹ್ಯಾಂಡ್ ಆಗಿ, ಐಟಿ ಕೆಲಸದ ಹುಡುಗರ ಕೈಗೆ ಬಂದಿದೆ. ಅವರಲ್ಲಿ ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯವರಿಗೂ ಕೊರತೆಯಿಲ್ಲ. ಕಾರು ಕೊಂಡ ಮೊದಲ ವರ್ಷ ಎಸಿ, ಸಸ್ಪೆನ್ಷನ್ ರಿಪೇರಿಗೆ ಹೋಗುತ್ತದೆ. ಎರಡನೆಯ ವರ್ಷ ಶುರುವಾಗುತ್ತದೆ ಪುಲ್ಲಿಯ ಹುಚ್ಚು.

ಹುಚ್ಚಿಗೆ ಕಾರಣವಿದೆ. ಸೂಪರ್‌ಚಾರ್ಜರ್ (ಕೊಂಪ್ರೆಸರ್ ಎಂದರೂ ಅದೇ, ಬ್ಲೋವರ್ ಎಂದರೂ ಅದೇ) ಇರುವ ಎಂಜಿನ್ನಿನಿಂದ ಹೆಚ್ಚು ಶಕ್ತಿ ಹಿಂಡಲು ಇದರಷ್ಟು ಅಗ್ಗದ ದಾರಿ ಇನ್ನೊಂದಿಲ್ಲ. ಬ್ಲೋವರಿನ ಮೂತಿಯಲ್ಲಿರುವ ಪುಲ್ಲಿ ತೆಗೆದು, ಅದಕ್ಕಿಂತ ಚಿಕ್ಕದನ್ನು ಕೂರಿಸಿದರೆ ಬ್ಲೋವರ್ ಹೆಚ್ಚು ವೇಗವಾಗಿ ತಿರುಗುತ್ತದೆ, ಹೆಚ್ಚು ಗಾಳಿ ತಳ್ಳುತ್ತದೆ. ಮಾತುಕತೆ ಎಲ್ಲ ಶೇಕಡಾದಲ್ಲೇ ನಡೆಯುತ್ತದೆ: ‘ಹತ್ತು ಪರ್ಸೆಂಟ್ ಹಾಕಿಸಿದೆ’, ‘ಹದಿನೈದು ಹಾಕಿಸು, ಮಜಾ ನೋಡು’. ಯಾವುದರ ಹತ್ತು, ಎಲ್ಲಿಂದ ಎಲ್ಲಿಗೆ ಅಳೆದ ಹದಿನೈದು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಈ ಅಂಕಣವೆಲ್ಲ ಆ ಒಂದು ಪ್ರಶ್ನೆಯದು.

ಮೊದಲು ಯಂತ್ರ. ಟರ್ಬೊ ಹೊಗೆಯ ಒತ್ತಡದಿಂದ ತಿರುಗುತ್ತದೆ, ಸೂಪರ್‌ಚಾರ್ಜರ್ ಬೆಲ್ಟಿನಿಂದ. ಎಂಜಿನ್ ಒಂದು ಸುತ್ತು ತಿರುಗಿದರೆ ಬ್ಲೋವರ್ ಎಷ್ಟು ಸುತ್ತು ತಿರುಗಬೇಕೆಂಬುದನ್ನು ಎಂಜಿನ್ನಿನ ಕ್ರ್ಯಾಂಕ್ ದಂಡದ ಮೇಲಿನದು, ಬ್ಲೋವರಿನದು, ಈ ಎರಡು ಪುಲ್ಲಿಗಳ ವ್ಯಾಸ ನಿರ್ಧರಿಸುತ್ತದೆ, ಅಷ್ಟೆ. ಒಳಗೆ ಒಂದಕ್ಕೊಂದು ಹೆಣೆದಂತೆ ತಿರುಗುವ ಎರಡು ರೋಟರುಗಳು ಗಾಳಿಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಿಸುತ್ತವೆ. ಅಮೆರಿಕದ ಇಂಡಿಯಾನಾ ಪ್ರಾಂತ್ಯದ ಕಾನರ್ಸ್‌ವಿಲ್ ಊರಿನ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವಿದು. ಆಗ ಕಾರೇ ಇರಲಿಲ್ಲ; ಕುಲುಮೆಗೆ ಗಾಳಿ ಊದಲು ಬಳಸಿದರು. ಮರ್ಸಿಡಿಸ್ ಕಂಪನಿ 1921ರ ಬರ್ಲಿನ್ ಪ್ರದರ್ಶನದಲ್ಲಿ ಇಂಥ ಬ್ಲೋವರ್ ಹೊತ್ತ ಮಾರಾಟದ ಕಾರುಗಳನ್ನು ಇಟ್ಟಿತ್ತು. ನಮ್ಮ ಕಾಲದ ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು ಈಟನ್ ಕಂಪನಿಯ ಬ್ಲೋವರ್. ಇದೇ ಕಂಪನಿಯ ಎಂಜಿನಿಯರಿಂಗ್ ಕೇಂದ್ರವೊಂದು ಪುಣೆಯ ಖರಾಡಿಯಲ್ಲಿದೆ.

ಈಟನ್ ಮಾದರಿಗಳ ಹೆಸರಲ್ಲೇ ಲೆಕ್ಕ ಅಡಗಿದೆ. ಎಂ-45 ಎಂದರೆ ಒಂದು ಸುತ್ತಿಗೆ 45 ಘನ ಇಂಚು ಗಾಳಿ, ಅಂದರೆ ಸುಮಾರು 737 ಸಿಸಿ. ಎಂ-62 ಸುಮಾರು 1,016 ಸಿಸಿ. ಮಿನಿ ಕೂಪರ್ ಎಸ್‌ನ 1.6 ಲೀಟರ್ ಎಂಜಿನ್ನಿಗೆ 2002ರಿಂದ ಕೆಲವು ವರ್ಷ ಹಾಕಿದ್ದು ಈ ಎಂ-45. ಈಗ 1.8 ಲೀಟರಿನ, ನಾಲ್ಕು ಸ್ಟ್ರೋಕಿನ ಎಂಜಿನ್ ಒಂದನ್ನು ಊಹಿಸಿಕೊಳ್ಳಿ. ಎರಡು ಸುತ್ತಿಗೊಮ್ಮೆ ಅದರ ಎಲ್ಲ ಸಿಲಿಂಡರುಗಳೂ ತುಂಬುವುದರಿಂದ ಒಂದು ಸುತ್ತಿಗೆ ಅದಕ್ಕೆ ಬೇಕಾದ ಗಾಳಿ ಸುಮಾರು 900 ಸಿಸಿ. ಬ್ಲೋವರ್ ಅದೇ ಹೊತ್ತಿನಲ್ಲಿ ಎರಡು ಸುತ್ತು ಹಾಕಿದರೆ ತಳ್ಳುವುದು 1,470 ಸಿಸಿಯಷ್ಟು. ಒಂದಿಷ್ಟು ರೋಟರುಗಳ ಸಂದಿನಿಂದ ಹಿಂದಕ್ಕೆ ಸೋರುತ್ತದೆ. ಉಳಿದದ್ದು ಹಿಡಿಸದೆ ಒತ್ತಡವಾಗುತ್ತದೆ. ಅದನ್ನೇ ಬೂಸ್ಟ್ ಎನ್ನುವುದು.

ಪುಲ್ಲಿಯ ಸೂತ್ರ ಉತ್ತರ ಕರ್ನಾಟಕದವರಿಗೆ ಹೇಳಿಕೊಡಬೇಕಾದದ್ದಲ್ಲ. ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಟ್ಟಿದ ಉದ್ಯಮದ ಒಂದು ಕವಲು, ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್, 1946ರಲ್ಲಿ ಇದೇ ಪುಣೆಯ ಖಡ್ಕಿಯಲ್ಲಿ ಶುರುವಾಯಿತು. ಅಂಥ ಎಂಜಿನ್ ಇಟ್ಟು ಹಿಟ್ಟಿನ ಗಿರಣಿ ನಡೆಸಿದವರಿಗೆಲ್ಲ ಗೊತ್ತು: ಗಿರಣಿಯ ಕಡೆಯ ಪುಲ್ಲಿ ಚಿಕ್ಕದಾದರೆ ಕಲ್ಲು ಜೋರಾಗಿ ತಿರುಗುತ್ತದೆ, ಹಿಟ್ಟು ಬೇಗ ಬರುತ್ತದೆ, ಜೊತೆಗೆ ಹಿಟ್ಟು ಸುಡುತ್ತದೆ. ಕಾರಿನ ಬ್ಲೋವರಿನಲ್ಲೂ ನಡೆಯುವುದು ಇದೇ, ಸುಡುವುದು ಗಾಳಿ.

ಇನ್ನು ಶೇಕಡಾದ ಗೋಜಲು. ಲೆಕ್ಕ ಸುಲಭವಾಗಲೆಂದು ದುಂಡಗಿನ ಅಂಕಿ ಇಟ್ಟುಕೊಳ್ಳೋಣ (ಇದು ಯಾವ ಕಾರಿನದೂ ಅಳತೆಯಲ್ಲ): ಕ್ರ್ಯಾಂಕ್ ಪುಲ್ಲಿ 140 ಮಿ.ಮೀ., ಬ್ಲೋವರ್ ಪುಲ್ಲಿ 70 ಮಿ.ಮೀ. ಒಂದಕ್ಕೆ ಎರಡು. ‘ಹತ್ತು ಪರ್ಸೆಂಟ್’ ಪುಲ್ಲಿ ಎಂದರೆ ವ್ಯಾಸದಲ್ಲಿ ಹತ್ತು ಕಡಿಮೆ, 63 ಮಿ.ಮೀ. ಆದರೆ 140ನ್ನು 63ರಿಂದ ಭಾಗಿಸಿದರೆ ಬರುವುದು 2.22. ವೇಗ ಏರಿದ್ದು ಶೇ 11.1. ‘ಹದಿನೈದು’ ಎಂದದ್ದು 59.5 ಮಿ.ಮೀ. ಆದರೆ ವೇಗ ಏರುವುದು ಶೇ 17.6. ವ್ಯಾಸ ಇಳಿದಷ್ಟೂ ಈ ಅಂತರ ಹಿಗ್ಗುತ್ತದೆ. ಒಬ್ಬ ಅಂಗಡಿಯವನು ವ್ಯಾಸದ ಶೇಕಡಾ ಹೇಳುತ್ತಾನೆ, ಇನ್ನೊಬ್ಬ ವೇಗದ್ದು, ಮೂರನೆಯವನು ಬೂಸ್ಟಿನದ್ದು. ಮೂವರೂ ‘ಹದಿನೈದು’ ಎಂದೇ ಅನ್ನುತ್ತಾರೆ. ಕೊಳ್ಳುವವನು ಮೂರನ್ನೂ ಒಂದೇ ವಸ್ತುವೆಂದು ತಿಳಿದು ಬೆಲೆ ಹೋಲಿಸುತ್ತಾನೆ.

ಹಾಗಾದರೆ ಮಿಲಿಮೀಟರ್ ಕೇಳಿದರಾಯಿತೆ? ಅಲ್ಲೂ ಒಂದು ಉಪಪ್ರಶ್ನೆ ಕೇಳಲೇಬೇಕು: ಎಲ್ಲಿ ಅಳೆದ ಮಿಲಿಮೀಟರ್?

ಬೆಲ್ಟಿನ ಪುಲ್ಲಿಯನ್ನು ಹತ್ತಿರದಿಂದ ನೋಡಿ. ಇಂದಿನ ಕಾರುಗಳಲ್ಲಿ ಇರುವುದು ಉದ್ದಕ್ಕೂ ಸಣ್ಣ ಸಾಲುಗಳಿರುವ ಚಪ್ಪಟೆ ಬೆಲ್ಟು. ಅದರ ಬೆನ್ನ ಮೇಲೆ 6ಪಿಕೆ1870 ಎಂಬಂಥ ಬರಹ ಇರುತ್ತದೆ. ಆರು ಸಾಲು, ಪಿಕೆ ಎಂಬ ಅಡ್ಡಕೊಯ್ತ, 1,870 ಮಿ.ಮೀ. ಉದ್ದ ಎಂದರ್ಥ. ಒಂದು ಸಾಲಿನಿಂದ ಇನ್ನೊಂದಕ್ಕೆ 3.56 ಮಿ.ಮೀ., ನಡುವಿನ ತೋಡಿನ ಕೋನ 40 ಡಿಗ್ರಿ. ಐಎಸ್‌ಒ 9981 ಮಾನದಂಡದಲ್ಲಿ ಇದೆಲ್ಲ ನಿಗದಿಯಾಗಿದೆ. ಈ ಸಾಲುಗಳ ಎರಡೂ ಅಂಚಿನಲ್ಲಿ ಬೆಲ್ಟು ಜಾರಿ ಬೀಳದಂತೆ ಸಾಮಾನ್ಯವಾಗಿ ಒಂದು ಎತ್ತರದ ತುಟಿ ಇರುತ್ತದೆ. ವರ್ನಿಯರಿನ ಬಾಯಿ ಹೋಗಿ ಮೊದಲು ಕೂರುವುದು ಈ ತುಟಿಯ ಮೇಲೆ. ಅಳತೆ ಕೆಡುವುದು ಅಲ್ಲಿ.

ತುಟಿ ಒಂದೊಂದು ಬದಿಗೆ ಎರಡು ಮಿ.ಮೀ. ಎತ್ತರವಿದೆ ಎನ್ನಿ. ಸಾಲುಗಳ ಮೇಲೆ 70 ಇರುವ ಪುಲ್ಲಿ ತುಟಿಯ ಮೇಲೆ 74 ತೋರಿಸುತ್ತದೆ. ಹಳೆಯ ಪುಲ್ಲಿಯನ್ನು ಸಾಲಿನ ಮೇಲೆ ಸರಿಯಾಗಿ ಅಳೆದು 70 ಎಂದು ಬರೆದುಕೊಂಡವನು, ಮಾರುವವನು ತುಟಿಯ ಮೇಲೆ ಅಳೆದು 63 ಎಂದು ಚೀಟಿ ಅಂಟಿಸಿದ ಪುಲ್ಲಿ ತಂದರೆ, ಕಾರಿಗೆ ಕೂರುವುದು ನಿಜಕ್ಕೂ 59ರ ಪುಲ್ಲಿ. ಹತ್ತು ಕೇಳಿದವನಿಗೆ ಹದಿನಾರರ ಹತ್ತಿರ ಸಿಕ್ಕಿತು. ವೇಗ ಏರಿದ್ದು ಶೇ 18ಕ್ಕೂ ಹೆಚ್ಚು. ಬೇರಿಂಗ್ ಹೋದಾಗ ಬೈಗುಳ ಮಾತ್ರ ಬ್ಲೋವರಿಗೆ.

ಭೋಸರಿ, ಚಿಂಚವಾಡದ ವರ್ಕ್‌ಶಾಪುಗಳಲ್ಲಿ ಹಳಬರು ಈಗಲೂ ‘ಸೂತು’ ಲೆಕ್ಕದಲ್ಲಿ ಮಾತಾಡುತ್ತಾರೆ. ಒಂದು ಸೂತು ಎಂದರೆ ಇಂಚಿನ ಎಂಟನೇ ಒಂದು ಭಾಗ, 3.175 ಮಿ.ಮೀ. ಗೇಟು, ಗ್ರಿಲ್ಲು ಮಾಡಲು ಅದು ಸಾಕು. ಎಪ್ಪತ್ತು ಮಿ.ಮೀ. ಪುಲ್ಲಿಯಲ್ಲಿ ಒಂದು ಸೂತು ಶೇ 4.5 ಆಗಿಬಿಡುತ್ತದೆ. ಸೂತು ಹೇಳುವ ಮಿಸ್ತ್ರಿ ಎಷ್ಟೇ ಅನುಭವಿಯಾಗಿರಲಿ, ಈ ಒಂದು ಕೆಲಸಕ್ಕೆ ಅವನ ಕೈಗೆ ವರ್ನಿಯರ್ ಕೊಡಿ.

ವರ್ನಿಯರ್ ಹಿಡಿಯುವುದರಲ್ಲೂ ಒಂದು ಪದ್ಧತಿ ಇದೆ. ಡ್ರಿಲ್ ಬಿಟ್ಟಿನ ಹಿಂಭಾಗದ ನುಣುಪಾದ ಕಡ್ಡಿಯಂಥ, ಸರಿಯಾಗಿ 2.5 ಮಿ.ಮೀ. ದಪ್ಪದ ಎರಡು ಪಿನ್ನುಗಳನ್ನು ತೆಗೆದುಕೊಳ್ಳಿ. ಕೊಳ್ಳುವ ಮೊದಲು ಪಿನ್ನುಗಳನ್ನೇ ಮೈಕ್ರೋಮೀಟರಿನಲ್ಲಿ ಅಳೆಯಿರಿ, ಏಕೆಂದರೆ ಡ್ರಿಲ್ ಬಿಟ್ಟಿನ ಹಿಂಭಾಗ ಅದರ ಹೆಸರಿನ ಅಳತೆಗಿಂತ ಕೊಂಚ ಸಣ್ಣದಿರುವುದುಂಟು. ಮಂಗಳವಾರ ಪೇಟೆಯ ಜೂನಾ ಬಜಾರಿನಲ್ಲಿ ಬುಧವಾರ, ಭಾನುವಾರ ಹಳೆಯ ಉಪಕರಣ ರಾಶಿ ಬಿದ್ದಿರುತ್ತವೆ. ವರ್ನಿಯರ್ ಅಲ್ಲಿ ಕೊಂಡರೆ ಬಾಯಿ ಮುಚ್ಚಿದಾಗ ಸೊನ್ನೆ ತೋರಿಸುತ್ತದೆಯೋ ನೋಡಿಯೇ ದುಡ್ಡು ಕೊಡಿ. ಪುಲ್ಲಿಯ ಒಂದೇ ಸಾಲಿನ ತೋಡಿನಲ್ಲಿ, ಎದುರುಬದುರಾಗಿ, ಒಂದೊಂದು ಪಿನ್ ಕೂರಿಸಿ, ಎರಡರ ಹೊರಗಿನಿಂದ ಅಳೆಯಿರಿ. ಬಂದ ಅಂಕಿಯಿಂದ 0.99 ಮಿ.ಮೀ. ಕಳೆಯಿರಿ. ಉಳಿದದ್ದು ಪುಲ್ಲಿಯ ಪರಿಣಾಮಕ ವ್ಯಾಸ, ಮಾನದಂಡ ಒಪ್ಪುವ ವ್ಯಾಸ. ಹೊರಗಿನಿಂದ 70.99 ಬಂದರೆ ಪುಲ್ಲಿ 70.

ಈ ಪಿನ್ನಿನ ಉಪಾಯ ಏಕೆ ಬೇಕು? ಸಾಲಿನ ತುದಿಯನ್ನು ಒಬ್ಬ ತಯಾರಕ ಚೂಪಾಗಿ ಬಿಡುತ್ತಾನೆ, ಇನ್ನೊಬ್ಬ ಗುಂಡಗೆ ಉಜ್ಜುತ್ತಾನೆ, ಹಳೆಯ ಪುಲ್ಲಿಯದು ಸವೆದೇ ಹೋಗಿರುತ್ತದೆ. ಬೆಲ್ಟು ಕೂರುವುದು ತುದಿಯ ಮೇಲಲ್ಲ, ಇಳಿಜಾರಿನ ಮೇಲೆ. ಪಿನ್ನೂ ಅಲ್ಲೇ ಕೂರುತ್ತದೆ. ತುದಿಯ ಮೇಲೆ ಅಳೆದವನು ಯಾರೋ ಎಷ್ಟು ಉಜ್ಜಿದರು ಎಂಬುದನ್ನು ಅಳೆದಂತಾಯಿತು. ಪುಲ್ಲಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಮೂರು ಕಡೆ ಅಳೆಯಿರಿ. ಅಂಕಿ ಬೇರೆ ಬೇರೆ ಬಂದರೆ ಪುಲ್ಲಿ ಗುಂಡಗಿಲ್ಲ. ಸುತ್ತಳತೆಗೆ ದಾರ ಸುತ್ತಿ 3.14ರಿಂದ ಭಾಗಿಸುವ ಹಳೆಯ ವಿಧಾನವೂ ಇದೆ. ದಾರ ತೋಡಿನ ತಳಕ್ಕೆ ಇಳಿದುಬಿಡುವುದರಿಂದ ಇಲ್ಲಿ ಅದು ನಡೆಯುವುದಿಲ್ಲ.

ಇಷ್ಟಾದರೂ ಲೆಕ್ಕ ಮುಗಿಯಲಿಲ್ಲ. ಬೆಲ್ಟಿನ ಒಳಗೆ ಎಳೆತ ತಡೆಯುವ ಗಟ್ಟಿ ದಾರಗಳಿರುತ್ತವೆ, ಬೆಲ್ಟಿನ ನಿಜವಾದ ಓಟ ಆ ದಾರಗಳ ಗೆರೆಯಲ್ಲಿ. ಅದು ಪುಲ್ಲಿಯ ವ್ಯಾಸಕ್ಕಿಂತ ಸುಮಾರು ಒಂದೂವರೆ ಮಿ.ಮೀ. ಹೊರಗಿರುತ್ತದೆ. ಎರಡೂ ಬದಿ ಸೇರಿ ಮೂರು ಮಿ.ಮೀ. ದೊಡ್ಡ ಪುಲ್ಲಿಗೂ ಮೂರು, ಚಿಕ್ಕದಕ್ಕೂ ಮೂರು; ಆದರೆ ಚಿಕ್ಕದಕ್ಕೆ ಅದು ದೊಡ್ಡ ಪಾಲು. ನಮ್ಮ ಉದಾಹರಣೆಯಲ್ಲಿ 140ಕ್ಕೆ 70 ಎಂಬುದು ನಿಜದಲ್ಲಿ 143ಕ್ಕೆ 73 ಆಗುತ್ತದೆ. ಅನುಪಾತ 2 ಅಲ್ಲ, 1.96. ಎಂಜಿನ್ 6,000 ಸುತ್ತಿನಲ್ಲಿದ್ದಾಗ ಬ್ಲೋವರ್ 12,000 ಮುಟ್ಟುವುದಿಲ್ಲ, 11,750ರ ಆಸುಪಾಸು ಇರುತ್ತದೆ. ಹೊಸ 63ರ ಪುಲ್ಲಿ ಹಾಕಿದರೆ 143ಕ್ಕೆ 66, ಅಂದರೆ 2.17; ಬ್ಲೋವರ್ 13,000 ಸುತ್ತು. ಏರಿಕೆ ಶೇ 10.6. ವ್ಯಾಸದಲ್ಲಿ 10, ಕಾಗದದ ಮೇಲೆ 11.1, ಬೆಲ್ಟಿನ ಮೇಲೆ 10.6. ಒಂದೇ ಪುಲ್ಲಿ.

ಈ ಗಣಿತ ಬೇಡ ಎನ್ನುವವರಿಗೆ ಸೀಮೆಸುಣ್ಣ ಸಾಕು. ಸ್ಪಾರ್ಕ್ ಪ್ಲಗ್ ಬಿಚ್ಚಿ ಎಂಜಿನ್ ಹಗುರ ಮಾಡಿ, ಕ್ರ್ಯಾಂಕ್ ಪುಲ್ಲಿಗೂ ಬ್ಲೋವರ್ ಪುಲ್ಲಿಗೂ ಒಂದೊಂದು ಗೆರೆ ಎಳೆದು, ಪಾನಾದಿಂದ ಕ್ರ್ಯಾಂಕನ್ನು ಓಡುವ ದಿಕ್ಕಿನಲ್ಲೇ ಇಪ್ಪತ್ತು ಸುತ್ತು ತಿರುಗಿಸಿ. ಇನ್ನೊಬ್ಬರು ಬ್ಲೋವರ್ ಎಷ್ಟು ಸುತ್ತು ಹಾಕಿತು ಎಣಿಸಲಿ. ಮೇಲಿನ ಪುಲ್ಲಿಗಳಾದರೆ 40 ಬರುವುದಿಲ್ಲ, 39 ಮುಗಿದು ಕಾಲು ಸುತ್ತಿಗೂ ಕಡಿಮೆ ಬರುತ್ತದೆ. ಇದು ಕ್ಯಾಟಲಾಗಿನ ಮಾತಲ್ಲ, ನಿಮ್ಮ ಕಾರಿನದೇ ಅನುಪಾತ. ಪುಲ್ಲಿ ಬದಲಿಸುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ಮಾಡಿದರೆ ಅಂಗಡಿಯವನೊಂದಿಗೆ ವಾದವೇ ಬೇಡ.

ಅಳತೆ ಗೊತ್ತಾದ ಮೇಲೆ ಆಯ್ಕೆ. ಹುಡುಗರು ಇಲ್ಲಿ ಎಡವುವುದು ಬೂಸ್ಟ್ ಮೀಟರಿನ ಸ್ವಭಾವ ತಿಳಿಯದೆ. ಆ ಮೀಟರ್ ಸೊನ್ನೆಯಿಂದ ಎಣಿಸುವುದಿಲ್ಲ, ಹೊರಗಿನ ಗಾಳಿಯ ಒತ್ತಡದಿಂದ ಎಣಿಸುತ್ತದೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಒತ್ತಡ ಸುಮಾರು 0.95 ಬಾರ್. ಮೀಟರ್ 0.5 ಬಾರ್ ತೋರಿಸಿದರೆ ಒಳಗಿನ ನಿಜವಾದ ಒತ್ತಡ 1.45. ಬ್ಲೋವರ್ ಶೇ 10.6 ಜೋರಾದರೆ, ಒರಟು ಲೆಕ್ಕದಲ್ಲಿ, ಈ 1.45 ಕೂಡ ಅಷ್ಟೇ ಏರಿ 1.6 ಆಗುತ್ತದೆ. ಮೀಟರಿನಲ್ಲಿ ಕಾಣುವುದು 0.65. ವೇಗ ಏರಿದ್ದು ಹತ್ತು ಚಿಲ್ಲರೆ, ಬೂಸ್ಟ್ ಏರಿದ್ದು ಶೇ 30. ‘ಹತ್ತೇ ತಾನೆ’ ಎಂದುಕೊಂಡು ಹಾಕಿಸಿದವನ ಎದೆ ಝಲ್ಲೆನ್ನುವುದು ಇದಕ್ಕೇ.

ಖರ್ಚಿನ ಬಾಬತ್ತೂ ಹಾಗೆಯೇ. ಬ್ಲೋವರ್ ತಿರುಗಿಸಲು ಎಂಜಿನ್ ತನ್ನ ಶಕ್ತಿಯಲ್ಲೇ ಪಾಲು ಕೊಡಬೇಕು. ಎಂ-45 ಗಾತ್ರದ ಬ್ಲೋವರ್ ಮೇಲಿನ ವೇಗದಲ್ಲಿ 0.5 ಬಾರ್ ತಳ್ಳುವಾಗ, ಘರ್ಷಣೆ ಬಿಟ್ಟು, ಸುಮಾರು ಏಳು ಕಿಲೋವಾಟ್ ಕೇಳುತ್ತದೆ, ಹತ್ತಿರ ಹತ್ತಿರ ಹತ್ತು ಅಶ್ವಶಕ್ತಿ. ಪುಲ್ಲಿ ಬದಲಾದ ಮೇಲೆ ವೇಗವೂ ಏರಿ ಒತ್ತಡವೂ ಏರಿ ಅದು ಹದಿನಾಲ್ಕರ ಸಮೀಪ ಬರುತ್ತದೆ. ಈ ಹೊರೆಯೆಲ್ಲ ಅದೇ ಆರು ಸಾಲಿನ ಬೆಲ್ಟಿನ ಮೇಲೆ. ಅದೂ ಈಗ ಚಿಕ್ಕ ಪುಲ್ಲಿಯನ್ನು ಕಡಿಮೆ ಜಾಗದಲ್ಲಿ ತಬ್ಬಿಕೊಂಡಿದೆ. ತಬ್ಬುಗೆ ಸಾಲದೆ ಬೆಲ್ಟು ಜಾರಿದರೆ ಬೂಸ್ಟ್ ಏರಬೇಕಾದ ಮೇಲಿನ ವೇಗದಲ್ಲೇ ಇಳಿಯುತ್ತದೆ. ಪುಲ್ಲಿ ಇನ್ನೂ ಚಿಕ್ಕದು ಬೇಕೆಂದು ಅದನ್ನು ತಪ್ಪಾಗಿ ಓದುವವರೇ ಹೆಚ್ಚು. ಪುಲ್ಲಿ 7 ಮಿ.ಮೀ. ಚಿಕ್ಕದಾದಾಗ ಬೆಲ್ಟಿಗೆ ಒಂಬತ್ತರಿಂದ ಹನ್ನೊಂದು ಮಿ.ಮೀ. ಉದ್ದ ಹೆಚ್ಚಾಗಿ ಉಳಿಯುತ್ತದೆ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಅದನ್ನು ನುಂಗಿಕೊಳ್ಳಬಹುದು. ಆದರೆ ಹಳೆಯ ಟೆನ್ಷನರ್ ಆಗಲೇ ತನ್ನ ಗುರುತಿನ ಕೊನೆಗೆ ಬಂದಿದ್ದರೆ 1870ರ ಬದಲು 1860ರ ಬೆಲ್ಟು ಹುಡುಕಬೇಕು. ನಾನಾ ಪೇಟೆಯ ಬಿಡಿಭಾಗದ ಅಂಗಡಿಗಳಲ್ಲಿ ಬೆಲ್ಟನ್ನು ಕಾರಿನ ಹೆಸರು ಹೇಳಿ ಕೇಳಬೇಡಿ, ಪಿಕೆ ಸಂಖ್ಯೆ ಹೇಳಿ ಕೇಳಿ.

ಶಾಖದ ಮಾತು ಬೇರೆ. ರೂಟ್ಸ್ ಮಾದರಿ ಬ್ಲೋವರ್ ಗಾಳಿಯನ್ನು ತನ್ನೊಳಗೆ ಅದುಮುವುದಿಲ್ಲ. ಹೊರಗಿನ ಕೊಳವೆಯಲ್ಲಿ ಸೇರಿದ ಗಾಳಿಯೇ ಹಿಂದಕ್ಕೆ ನುಗ್ಗಿ ಒತ್ತುತ್ತದೆ. ಅದಕ್ಕೇ ಈ ಜಾತಿಯಲ್ಲಿ ಶಾಖ ಜಾಸ್ತಿ. 35 ಡಿಗ್ರಿಯ ಗಾಳಿ 0.5 ಬಾರ್ ಬೂಸ್ಟಿಗೆ ಸುಮಾರು 70 ಡಿಗ್ರಿ ಕಾದು ನೂರು ದಾಟುತ್ತದೆ, 0.65ಕ್ಕೆ ಇನ್ನೊಂದು ಹದಿನೈದು ಡಿಗ್ರಿ ಸೇರಿಸಿ. ಪುಣೆಯ ಏಪ್ರಿಲ್-ಮೇ ತಿಂಗಳಲ್ಲಿ ಹೊರಗೇ 40 ಮುಟ್ಟುತ್ತದೆ. ಇಂಟರ್‌ಕೂಲರ್ ಎಷ್ಟು ತಣಿಸುತ್ತದೋ ಅಷ್ಟೇ ಲಾಭ. ಗಾಳಿ ತಣಿಯದಿದ್ದರೆ ಸಿಲಿಂಡರಿನಲ್ಲಿ ಉಳಿದ ಪೆಟ್ರೋಲು, ಕಿಡಿ ಹಚ್ಚಿದ ಉರಿ ತನ್ನನ್ನು ಮುಟ್ಟುವ ಮೊದಲೇ, ತಾನಾಗಿ ಹೊತ್ತಿಕೊಳ್ಳುತ್ತದೆ. ಮೆಕ್ಯಾನಿಕ್ಕುಗಳು ‘ನಾಕಿಂಗ್’ ಎನ್ನುವ ಕಟಕಟ ಸದ್ದು. ಸಂವೇದಕ ಅದನ್ನು ಕೇಳಿಸಿಕೊಂಡು ಕಿಡಿಯನ್ನು ತಡಮಾಡುತ್ತದೆ, ಪುಲ್ಲಿಯಿಂದ ಬಂದ ಶಕ್ತಿ ಅಲ್ಲೇ ಮರಳಿ ಹೋಗುತ್ತದೆ. ಪೆಟ್ರೋಲಿನ ಆಕ್ಟೇನ್ ಸಂಖ್ಯೆ ಹೆಚ್ಚಿದ್ದರೆ ಸ್ವಲ್ಪ ಉಸಿರಾಡುವ ಜಾಗ ಸಿಗುತ್ತದೆ. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ 100 ಆಕ್ಟೇನಿನ ಪೆಟ್ರೋಲ್ ತಂದಾಗ ಮೊದಲ ಪಟ್ಟಿಯ ಹತ್ತು ನಗರಗಳಲ್ಲಿ ಪುಣೆಯೂ ಇತ್ತು. ಆದರೆ ಪ್ರತಿ ಊರಿನ ಬಂಕಿನಲ್ಲೂ ಸಿಗದ ಪೆಟ್ರೋಲಿಗೆ ಹೊಂದಿಸಿ ಪುಲ್ಲಿ ಆರಿಸಿದವನು ಸೋಲಾಪುರ ದಾಟಿ ಊರಿಗೆ ಹೋಗುವಾಗ ಏನು ಮಾಡುತ್ತಾನೆ? ನನ್ನ ಲೆಕ್ಕದಲ್ಲಿ ಪುಲ್ಲಿಯನ್ನು ಆರಿಸಬೇಕಾದದ್ದು ದಾರಿಯಲ್ಲಿ ಸಿಗುವ ಅತಿ ಸಾಧಾರಣ ಪೆಟ್ರೋಲಿಗೆ, ಮೇ ತಿಂಗಳ ಮಧ್ಯಾಹ್ನಕ್ಕೆ.

ಇನ್ನೊಂದು ಗೆರೆ ಬ್ಲೋವರಿನದೇ. ಪ್ರತಿ ಮಾದರಿಗೂ ತಯಾರಕರು ಗರಿಷ್ಠ ವೇಗ ಹೇಳಿರುತ್ತಾರೆ. ಎಂಜಿನ್ನಿನ ರೆಡ್‌ಲೈನ್ ಅನ್ನು ಅಳೆದ ಅನುಪಾತದಿಂದ ಗುಣಿಸಿ ಆ ಗೆರೆಯೊಳಗೆ ಬರುತ್ತದೆಯೇ ನೋಡಬೇಕು. 6,000ಕ್ಕಲ್ಲ, ಮೀಟರಿನ ಕೆಂಪು ಗೆರೆಗೆ. ಗೇರ್ ತಪ್ಪಿದಾಗ ಎಂಜಿನ್ ಆ ಗೆರೆಯನ್ನೂ ದಾಟುತ್ತದೆ.

ಬ್ಲೋವರ್ ಪುಲ್ಲಿ ಚಿಕ್ಕದು ಮಾಡುವ ಬದಲು ಕ್ರ್ಯಾಂಕ್ ಪುಲ್ಲಿ ದೊಡ್ಡದು ಮಾಡಿದರೆ ಬೆಲ್ಟಿನ ತಬ್ಬುಗೆ ಚೆನ್ನಾಗಿರುತ್ತದೆ ಎಂಬ ವಾದವಿದೆ. ನಿಜವೇ. ಆದರೆ ಅದೇ ಬೆಲ್ಟು ಆಲ್ಟರ್ನೇಟರ್, ನೀರಿನ ಪಂಪು, ಎಸಿ ಎಲ್ಲವನ್ನೂ ತಿರುಗಿಸುವ ಕಾರಿನಲ್ಲಿ ಅವೆಲ್ಲವೂ ಜೋರಾಗುತ್ತವೆ. ಅದಕ್ಕಿಂತ ದೊಡ್ಡ ಆಕ್ಷೇಪ ಬೇರೆ. ಕಾರ್ಖಾನೆಯಿಂದ ಬಂದ ಕ್ರ್ಯಾಂಕ್ ಪುಲ್ಲಿ ಬಹುಮಟ್ಟಿಗೆ ಬರೀ ಪುಲ್ಲಿಯಲ್ಲ. ಒಳಗೊಂದು ಗುಂಬ, ಹೊರಗೊಂದು ಉಂಗುರ, ನಡುವೆ ರಬ್ಬರು. ಪ್ರತಿ ಸಿಲಿಂಡರ್ ಹೊತ್ತಿದಾಗಲೂ ಕ್ರ್ಯಾಂಕ್ ದಂಡ ತಿರುಚಿ ಮರಳುತ್ತದೆ. ಆ ನಡುಕವನ್ನು ತಿನ್ನುವುದು ಆ ರಬ್ಬರು. ಅದನ್ನು ತೆಗೆದು ಹೊಳೆಯುವ ಅಲ್ಯೂಮಿನಿಯಂ ತುಂಡು ಹಾಕಿದರೆ ಕಾರು ಅಂದೇ ನಿಲ್ಲುವುದಿಲ್ಲ, ಮರುವರ್ಷವೂ ನಿಲ್ಲದಿರಬಹುದು. ಬೇರಿಂಗಿಗೆ ಮಾತ್ರ ಅದರ ಲೆಕ್ಕ ಗೊತ್ತಿರುತ್ತದೆ. ‘ಹಗುರ ಪುಲ್ಲಿ’ ಎಂದು ಮಾರುವವರನ್ನು ಡ್ಯಾಂಪರ್ ಎಲ್ಲಿ ಎಂದು ಕೇಳಿ.

ಪುಣೆಯಲ್ಲಿ ಪುಲ್ಲಿ ಕಡೆಯಿಸುವುದು ಕಷ್ಟವಲ್ಲ. ಭೋಸರಿ ಎಂಐಡಿಸಿಯಲ್ಲಿ ಸಿಎನ್‌ಸಿ ಲೇತುಗಳಿಗೆ ಬರವಿಲ್ಲ. ಆದರೆ ಕೊಡುವ ನಕ್ಷೆಯಲ್ಲಿ ಬರೀ ವ್ಯಾಸ ಬರೆದರೆ ಸಾಲದು. ಪಿಕೆ ತೋಡು, ಕೋನ, ಪಿನ್ನಿನ ಮೇಲಿನ ಅಳತೆ, ನಡುವಿನ ರಂಧ್ರದ ಅಳತೆ ಬರೆಯಬೇಕು. ಅನೇಕ ಬ್ಲೋವರುಗಳಲ್ಲಿ ಪುಲ್ಲಿ ದಂಡದ ಮೇಲೆ ಬಿಗಿಯಾಗಿ ಒತ್ತಿ ಕೂರುವಂಥದ್ದು. ರಂಧ್ರ ಮಿಲಿಮೀಟರಿನ ನೂರನೇ ಒಂದೆರಡು ಭಾಗ ದೊಡ್ಡದಾದರೂ ಜಾರುತ್ತದೆ, ಚಿಕ್ಕದಾದರೆ ಕೂರುವುದಿಲ್ಲ. ತೆಗೆಯುವಾಗ ಪುಲ್ಲರ್ ಬಳಸಬೇಕು. ಸುತ್ತಿಗೆ ಎತ್ತಿದ ಮೆಕ್ಯಾನಿಕ್ಕಿನ ಕೈ ಹಿಡಿದು ನಿಲ್ಲಿಸಿ: ಒಳಗಿನ ರೋಟರುಗಳ ನಡುವೆ ಕೂದಲೆಳೆಯ ಸಂದು ಇದೆ, ಹೊಡೆತ ಹೋಗಿ ಬೀಳುವುದು ಅಲ್ಲಿ. ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ಪುಲ್ಲಿ ಓಲಾಡುತ್ತದೆಯೇ ನೋಡಿ. ನೇರ ಪಟ್ಟಿ ಇಟ್ಟು ಬೇರೆ ಪುಲ್ಲಿಗಳ ಸಾಲಿಗೆ ಬಂದಿದೆಯೇ ನೋಡಿ. ಬ್ಲೋವರಿನ ಗೇರುಗಳಿಗೆ ಅದರದೇ ಆದ ಒಂದಿಷ್ಟು ಎಣ್ಣೆ ಇರುತ್ತದೆ, ಎಂಜಿನ್ ಎಣ್ಣೆಯಲ್ಲ. ಎಷ್ಟೋ ಕಾರುಗಳಲ್ಲಿ ಅದನ್ನು ಹುಟ್ಟಿದಾಗಿನಿಂದ ಯಾರೂ ಬದಲಿಸಿರುವುದಿಲ್ಲ. ಹೇಗೂ ಬಿಚ್ಚಿದ್ದೀರಿ, ಬದಲಿಸಿ.

ಕಾನೂನನ್ನು ಎರಡು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ಇಟ್ಟಿದೆ. ಅಪಘಾತವಾದಾಗ ವಿಮೆಯವರು ಮೊದಲು ಹುಡುಕುವುದೂ ಇಂಥದ್ದನ್ನೇ. ಲೋಣಾವಳ ಬಳಿಯ ಆಂಬಿ ವ್ಯಾಲಿ ವಿಮಾನಪಟ್ಟಿಯಲ್ಲಿ ‘ವ್ಯಾಲಿ ರನ್’ ಎಂಬ ನೇರ ಓಟದ ಸ್ಪರ್ಧೆ ನಡೆಸಿದವರಿದ್ದಾರೆ; ಪುಲ್ಲಿಯ ಆಸೆ ತೀರಿಸಿಕೊಳ್ಳಲು ಅಂಥ ಜಾಗ ಸಿಂಹಗಡ ರಸ್ತೆಗಿಂತ ಒಳ್ಳೆಯದು.

ಪುಣೆಯವರು ಮರೆಯುವ ಇನ್ನೊಂದು ಅಳತೆ ಊರಿನ ಎತ್ತರ. ಇಲ್ಲಿ ಮೀಟರಿನಲ್ಲಿ 0.65 ತೋರಿಸುತ್ತಿದ್ದ ಕಾರು ಖಂಡಾಳ ಘಾಟಿ ಇಳಿದು ಮುಂಬಯಿ ಸೇರಿದರೆ, ಹೊರಗಿನ ಗಾಳಿಯೇ 1.01 ಬಾರ್ ಆಗುವುದರಿಂದ, ಅದೇ ಪುಲ್ಲಿಯಲ್ಲಿ 0.7ರ ಹತ್ತಿರ ತೋರಿಸುತ್ತದೆ. ಒಳಗಿನ ನಿಜವಾದ ಒತ್ತಡ 1.6ರಿಂದ 1.7ಕ್ಕೆ ಏರಿರುತ್ತದೆ. ಪುಣೆಯಲ್ಲಿ ನಾಕಿಂಗಿನ ಅಂಚಿಗೆ ತಂದು ಹೊಂದಿಸಿದವನಿಗೆ ಪನವೇಲಿನಲ್ಲಿ ಅಂಚು ದಾಟುತ್ತದೆ. ಬೆಂಗಳೂರಿನವರದು ಇದಕ್ಕೆ ತದ್ವಿರುದ್ಧ: 920 ಮೀಟರ್ ಎತ್ತರದಲ್ಲಿ 0.62 ಕಂಡು ಪುಲ್ಲಿ ಸಾಲದು ಎಂದುಕೊಳ್ಳುತ್ತಾರೆ, ಇನ್ನೂ ಚಿಕ್ಕದು ಹಾಕಿಸಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೊರಡುತ್ತಾರೆ. ಟರ್ಬೊ ಕಾರಿನಲ್ಲಿ ಕಂಪ್ಯೂಟರ್, ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ತೆರೆದು ಇದನ್ನು ಸರಿದೂಗಿಸುತ್ತದೆ. ಬೆಲ್ಟಿಗೆ ಕಟ್ಟಿದ ಬ್ಲೋವರಿಗೆ ಆ ಸೌಕರ್ಯ ಕಡಿಮೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ, ಗಾಳಿಯನ್ನು ಹಿಂದಕ್ಕೆ ಬಿಡುವ ಬೈಪಾಸ್ ಕವಾಟ ಮುಚ್ಚಿರುತ್ತದೆ, ಪುಲ್ಲಿ ಹೇಳಿದ್ದೇ ನಡೆಯುತ್ತದೆ. ಹಾಗಾಗಿ ಪುಣೆಯ ಪುಲ್ಲಿಯ ಕೊನೆಯ ಪರೀಕ್ಷೆ ಪುಣೆಯಲ್ಲಿ ಮುಗಿಯುವುದಿಲ್ಲ. ಲ್ಯಾಪ್‌ಟಾಪ್ ಹಿಡಿದ ಗೆಳೆಯನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಘಾಟಿ ಇಳಿದು, ಪನವೇಲ್ ಸಮೀಪ ಸೆಕೆ ಏರಿದ ಮಧ್ಯಾಹ್ನ ಕಿಡಿಯ ಸಮಯ ಎಷ್ಟು ಹಿಂದೆ ಸರಿಯಿತು ಎಂದು ದಾಖಲಿಸಬೇಕು. ನಾಲ್ಕೈದು ಡಿಗ್ರಿ ಸರಿದಿದ್ದರೆ ಮರಳಿ ಬಂದು ಎರಡು ಮಿ.ಮೀ. ದೊಡ್ಡ ಪುಲ್ಲಿ ಕಡೆಯಿಸಿ.